ಸಪ್ತಮಿಯ ದಿನದ ಖಿಚಡಿ

“ಕೈ ತೆಗಿ ವಹು,” ಎಂದಳು ಮೋಂಘೀಬಾ. ದನಿ ಏರಿಸಿ ಹೇಳಿದ್ದೇನೂ ಅಲ್ಲ. ಆದರೂ ಸೊಸೆ ರಸೀಲಾಳ ಬೆರಳು ಗ್ಯಾಸ್ ಒಲೆಯ ಗುಂಡಿಯ ಮೇಲೆಯೇ ನಿಂತುಬಿಟ್ಟಿತು.

“ಬಾ,” ಎಂದಳು ರಸೀಲಾ. ಗುಜರಾತಿಯ ಬಾ ಎಂದರೆ ಅಮ್ಮ, ಅತ್ತೆಯನ್ನೂ ಅವಳು ಹಾಗೇ ಕರೆಯುತ್ತಿದ್ದಳು. “ನಿಮ್ಮ ಮಗ ಬಾಯಿಬಿಟ್ಟು ಕೇಳಿದಾರೆ. ಇಂಥದ್ದು ಬೇಕು ಅಂತ ಅವರು ಕೇಳಿ ಎಷ್ಟು ದಿನ ಆಯ್ತು?”

“ನಂಗೂ ಕಿವಿ ಇದೆ.”

“ಮತ್ತೆ?”

“ಇವತ್ತು ಶೀತಳಾ ಸಪ್ತಮಿ.”

ರಸೀಲಾ ಒಲೆಯಿಂದ ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿಗೆ ಒರೆಸಿಕೊಂಡಳು. ಒಲೆ ಹೊಸದರ ಹಾಗೆ ಹೊಳೆಯುತ್ತಿತ್ತು. ನಿನ್ನೆ ಬೆಳಗಿನಿಂದ ಸಂಜೆಯವರೆಗೂ ಅತ್ತೆ ಸೊಸೆ ಇಬ್ಬರೂ ಅದರ ಮುಂದೆ ನಿಂತು ಮೆಂತ್ಯದ ಥೇಪ್ಲಾ, ಪೂರಿ, ವಡೆ, ಹಾಗಲಕಾಯಿ ಪಲ್ಯ ಎಂದು ಡಬ್ಬಿ ಡಬ್ಬಿ ತುಂಬಿಸಿದ್ದರು. ಆಮೇಲೆ ಮೋಂಘೀಬಾ ಒಲೆಯನ್ನು ಉಜ್ಜಿ ತೊಳೆದು, ಕುಂಕುಮ ಇಟ್ಟು, ಕೈ ಮುಗಿದಿದ್ದಳು. ಹತ್ತಿ ಗಿಡದ ಕುಡಿ ಇಡುವುದು ಪದ್ಧತಿ. ಇಂಗ್ಲೆಂಡಿನ ಈ ಲೆಸ್ಟರ್ ಊರಿನಲ್ಲಿ ಹತ್ತಿ ಗಿಡ ಎಲ್ಲಿಂದ ಬರಬೇಕು? ಔಷಧಿ ಅಂಗಡಿಯ ಹತ್ತಿಯ ಉಂಡೆಯೊಂದನ್ನು ಇಟ್ಟಿದ್ದಳು. ಇಷ್ಟು ವರ್ಷ ಅದನ್ನೇ ಒಪ್ಪಿಕೊಂಡ ತಾಯಿ ಈ ವರ್ಷವೂ ಒಪ್ಪಿಕೊಂಡಾಳು.

ಸಪ್ತಮಿಯ ದಿನ ಶೀತಳಾದೇವಿ ಮನೆ ಮನೆಗೂ ಬರುತ್ತಾಳೆ. ಮೈಯ ಉರಿ ತಾಳಲಾರದೆ ಒಲೆಯ ತಣ್ಣನೆಯ ಬೂದಿಯಲ್ಲಿ ಹೊರಳಿ ತಂಪು ಮಾಡಿಕೊಳ್ಳುತ್ತಾಳೆ. ಒಲೆ ಬಿಸಿಯಿದ್ದರೆ ಅವಳ ಮೈ ಸುಡುತ್ತದೆ. ಹಾಗೆ ಸುಟ್ಟರೆ, ನನ್ನ ಮೈ ಬೆಂದ ಹಾಗೆ ನಿನ್ನ ಹೊಟ್ಟೆಯ ಕುಡಿ ಬೇಯಲಿ ಎಂದು ಶಪಿಸಿ ಹೋಗುತ್ತಾಳೆ. ಅದಕ್ಕೇ ಆ ದಿನ ಮನೆಯವರೆಲ್ಲ ನಿನ್ನೆಯ ತಂಗಳನ್ನೇ ಉಣ್ಣುವುದು. ಬೀದಿಯ ಚಿಕ್ಕ ಮಕ್ಕಳಿಗೆ ಮೋಂಘೀಬಾ ಈ ಕಥೆ ಹೇಳಿದಾಗ, “ಗ್ಯಾಸ್ ಒಲೇಲಿ ಬೂದಿ ಎಲ್ಲಿರತ್ತೆ ಬಾ?” ಎಂದು ಅವು ಕೇಳುವುದಿತ್ತು. “ಬೂದಿ ಇಲ್ಲದಿದ್ರೆ ಹಾಗೇ ಒರಗಿ ಕೂತ್ಕೋತಾಳೆ. ಅವಳೇನು ನಿಮ್ಮ ಹಾಗೆ ಹಟಮಾರಿಯೇ?” ಎನ್ನುತ್ತಿದ್ದಳು.

ಕಿರೀಟ್ ಆಸ್ಪತ್ರೆಯಿಂದ ಇವತ್ತೇ ಮನೆಗೆ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಅವನು ಊರ ಬಸ್ಸಿನ ಚಾಲಕ, ರಸೀಲಾಳ ಗಂಡ, ಮೋಂಘೀಬಾಗೆ ಉಳಿದ ಒಬ್ಬನೇ ಮಗ. ಕರುಳಿನಲ್ಲಿ ಗಂಟಾಗಿ, ಹೊಟ್ಟೆ ಕೊಯ್ದು, ಒಂದಿಷ್ಟು ಕತ್ತರಿಸಿ ತೆಗೆದಿದ್ದರು. ಗಾಯ ಮಾಯುತ್ತ ಬಂತು, ಹಸಿವು ಮಾತ್ರ ಬರಲಿಲ್ಲ. ಏನು ಕೊಟ್ಟರೂ ಮುಖ ಆಚೆ ತಿರುಗಿಸುತ್ತಿದ್ದ. ಮನೆಯ ಗಾಳಿ ಸೋಕಿದರೆ ತಿಂದಾನು ಎಂದು ಬೆಳಿಗ್ಗೆ ಫೋನು ಮಾಡಿ ಕಳಿಸಿಬಿಟ್ಟರು. “ಮೆತ್ತಗೆ, ಬೆಚ್ಚಗೆ ಏನಾದ್ರೂ ಕೊಡಿ. ತಾನಾಗಿ ತಿನ್ಬೇಕು. ತಿನ್ನದಿದ್ರೆ ನಾಳೆಯೇ ವಾಪಸ್ ಕರ್ಕೊಂಡು ಬನ್ನಿ, ಮೂಗಲ್ಲಿ ನಳಿಗೆ ಹಾಕ್ಬೇಕಾಗತ್ತೆ,” ಎಂದು ದಾದಿ ರಸೀಲಾಳಿಗೆ ಹೇಳಿದ್ದಳು.

ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತವನು ಕಣ್ಣು ಮುಚ್ಚಿಕೊಂಡೇ ಇದ್ದ. ಬಹಳ ಹೊತ್ತಾದ ಮೇಲೆ, “ಬಾ, ಬಿಸಿ ಬಿಸಿ ಖಿಚಡಿ ಮಾಡ್ತೀಯಾ? ತುಪ್ಪ ಹಾಕಿ,” ಎಂದ. ಇವತ್ತು ಯಾವ ತಿಥಿ ಎಂಬುದು ಅವನಿಗೆ ನೆನಪಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಯಾವ ತಿಥಿ?

ಮೋಂಘೀಬಾ ಮೊದಲು ನಿನ್ನೆಯ ಅನ್ನಕ್ಕೆ ಮೊಸರು ಕಲಸಿ ಒಯ್ದಳು. ಎರಡು ತುತ್ತು ನುಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. “ಥಂಡಿ ಬಾ. ಒಳಗೆ ಇಳಿಯಲ್ಲ,” ಎಂದು ಬಟ್ಟಲನ್ನು ಸರಿಸಿದ. ಬೇಜಾರಾಗಿದ್ದು ಕಾಣಬಾರದೆಂದು ನಕ್ಕ. ಆ ನಗು ನೋಡಿಯೇ ರಸೀಲಾ ಅಡುಗೆಮನೆಗೆ ನುಗ್ಗಿ ಒಲೆಗೆ ಕೈ ಹಾಕಿದ್ದು.

“ಮೈಕ್ರೋವೇವ್ ಅಂದ್ರೆ ಒಲೆ ಅಲ್ವಲ್ಲ ಬಾ,” ಎಂದಳು ಈಗ. “ಎದುರು ಮನೆ ಚಂಪಾಬೆನ್ ಸಪ್ತಮಿ ದಿನವೂ ಅದ್ರಲ್ಲೇ ಚಾ ಕಾಸ್ತಾರೆ. ಬೆಂಕಿ ಕಣ್ಣಿಗೆ ಕಾಣಲ್ಲ, ಅದಕ್ಕೆ ನಡೀತದಂತೆ.”

“ಚಂಪಾಗೆ ಚಾ ಇಲ್ದಿದ್ರೆ ತಲೆ ಸಿಡೀತದೆ. ಅವಳ ತಲೆನೋವಿಗೆ ತಕ್ಕ ಶಾಸ್ತ್ರ ಅವಳದ್ದು.”

“ಹಾಗಾದ್ರೆ ನಾನೇ ಹಚ್ತೀನಿ. ಪಾಪ ನನ್ನ ತಲೆ ಮೇಲಿರ್ಲಿ.”

“ಪಾಪ ತಲೆ ಮೇಲೆ ಬರೋದಾಗಿದ್ರೆ ನಿಂಗ್ಯಾಕೆ ಬಿಡ್ತಿದ್ದೆ? ಆಗಲೇ ನಾನೇ ಹಚ್ಚಿರ್ತಿದ್ದೆ,” ಎಂದಳು ಮೋಂಘೀಬಾ. “ಅದು ಬರೋದು ಮಕ್ಕಳ ಮೇಲೆ. ಒಳಗೆ ಕೂತಿರೋನ ಮೇಲೆ.”

ಹರಕೆಯ ಕಥೆ ರಸೀಲಾಳಿಗೂ ಗೊತ್ತಿತ್ತು. ಉಗಾಂಡಾದ ಜಿಂಜಾ ಊರಲ್ಲಿದ್ದಾಗ ಕಿರೀಟ್ ಇನ್ನೂ ಮೊಣಕಾಲೆತ್ತರದ ಹುಡುಗ. ದಡಾರ ಬಂದು ಕಣ್ಣು ಮುಚ್ಚಿದವನು ದಿನಗಟ್ಟಲೆ ತೆರೆಯಲೇ ಇಲ್ಲ. ಆಗ ಮೋಂಘೀಬಾಳ ಅತ್ತೆ ಹಾಸಿಗೆಯ ಪಕ್ಕದಲ್ಲಿ ಕೂತು, ಈ ಕೂಸನ್ನು ಉಳಿಸು ತಾಯಿ, ಸಪ್ತಮಿಯ ದಿನ ನಮ್ಮ ಮನೆಯವರ ಕೈ ಬೆಂಕಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಹುಡುಗ ಕಣ್ಣು ತೆರೆದು ನೀರು ಕೇಳಿದ. ಆಮೇಲೆ ಅಲ್ಲಿನ ಸರ್ಕಾರ ಭಾರತ ಮೂಲದವರನ್ನೆಲ್ಲ ಹೊರಹಾಕಿದಾಗ ಆ ದೇಶ ಬಿಟ್ಟು ಓಡಿಬರಬೇಕಾಯಿತು. ಇಂಗ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಮೂರು ಹೊತ್ತೂ ಬಿಸಿ ಬಿಸಿ ಬಡಿಸುತ್ತಿದ್ದರು. ಪುಣ್ಯಾತ್ಮರು, ಪ್ರೀತಿಯಿಂದಲೇ ಬಡಿಸುತ್ತಿದ್ದರು. ಆ ವರ್ಷವೂ ಮೋಂಘೀಬಾ ತಣ್ಣನೆಯ ಬ್ರೆಡ್ಡಿಗೆ ಜಾಮು ಹಚ್ಚಿಕೊಂಡು ಸಪ್ತಮಿ ನಡೆಸಿದ್ದಳು. ಮಗ ಬದುಕಿದ್ದಾನೆ ಎಂಬುದಕ್ಕೆ ವರ್ಷಕ್ಕೊಂದು ದಿನದ ತಂಗಳೂಟ. ಅದೊಂದು ಭಾರವೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಇವತ್ತು ಅನಿಸಿತು.

ಹಿತ್ತಿಲ ಬೇಲಿಯ ಕಡೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಸಿರಿಲ್. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ. ಹೆಂಡತಿ ಎಡ್ನಾ ತೀರಿಹೋದಮೇಲೆ ಒಬ್ಬನೇ ಇದ್ದಾನೆ. ಈ ಮನೆಗೆ ಇವರು ಬಂದ ಹೊಸತರಲ್ಲಿ ಬೀದಿಯ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಬೆನ್ ಬೆನ್ ಎಂದು ಕರೆಯುವುದು ಕೇಳಿ, “ಏನಪ್ಪಾ ಇದು, ಎಲ್ಲರಿಗೂ ಒಂದೇ ಹೆಸರು, ಅದೂ ನಮ್ಮಲ್ಲಿ ಗಂಡಸರಿಗಿಡೋ ಹೆಸರು!” ಎಂದು ಬೆರಗಾಗಿದ್ದ. ಅಕ್ಕ ಎಂದರ್ಥ ಎಂದು ತಿಳಿದಮೇಲೂ ಬಿಡಲಿಲ್ಲ, ಮೋಂಘೀಬಾಳನ್ನು ಹಾಗೇ ಕರೆಯುತ್ತ ಬಂದ.

“ಬೆನ್, ಇವತ್ತು ಥಂಡಿ ಊಟದ ದಿನ ಅಲ್ವಾ? ನನ್ನ ಪಾಲು ಎಲ್ಲಿ? ನಿನ್ನೆ ಇಡೀ ದಿನ ಬರೀ ವಾಸನೆ ಕುಡಿಸಿ ಕೊಂದುಬಿಟ್ಟೆ.”

ಮೋಂಘೀಬಾ ಎತ್ತಿಟ್ಟಿದ್ದ ತಟ್ಟೆಯನ್ನು ಬೇಲಿಯ ಮೇಲಿಂದ ಚಾಚಿದಳು. ಅವಳು ಎಂದಿನಂತೆ ನಗದ್ದನ್ನು ನೋಡಿ ಸಿರಿಲ್ ತಟ್ಟೆ ತೆಗೆದುಕೊಂಡು ಕೆಳಗಿಟ್ಟ.

“ಕಿರೀಟ್ ಬಂದನಂತಲ್ಲ. ಯಾಕೆ, ಏನಾಯ್ತು?”

ಅವಳು ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಖಿಚಡಿ ಕೇಳಿದ್ದು, ಒಲೆ ಹಚ್ಚಬಾರದೆಂಬುದು, ನಾಳೆ ಮೂಗಿಗೆ ನಳಿಗೆ ಹಾಕುವುದು.

“ಇಷ್ಟೇನಾ? ನನ್ನ ಒಲೆ ಇದೆಯಲ್ಲ.”

ಅವಳು ಅವನ ಮುಖ ನೋಡಿದಳು. ಪಕ್ಕದಲ್ಲೇ ಬದುಕಿದರೂ ಆ ಅಡುಗೆಮನೆಯ ಹೊಸಿಲು ಅವಳು ತುಳಿದವಳಲ್ಲ. ದಿನಾ ಬೆಳಿಗ್ಗೆ ಅವನ ಬಾಣಲೆಯಲ್ಲಿ ಹಂದಿಮಾಂಸ ಚುರುಗುಟ್ಟುವುದು ಗೋಡೆಯ ಈಚೆಗೂ ಕೇಳುತ್ತದೆ. ಅದು ಅವಳಿಗೆ ಆಗದೆಂದು ಅವನಿಗೂ ಗೊತ್ತು. ಹಬ್ಬಕ್ಕೆ ಏನಾದರೂ ಕೊಡಬೇಕೆನಿಸಿದರೆ ತನ್ನ ಮರದ ಸೇಬು ಕೊಡುತ್ತಾನೆಯೇ ಹೊರತು, ಬೇಯಿಸಿದ್ದನ್ನು ತಂದವನಲ್ಲ.

“ಉಜ್ತೀನಿ ಬೆನ್. ಎಡ್ನಾ ಕಾಲದಿಂದ ಉಜ್ಜದೇ ಇರೋದನ್ನೂ ಸೇರಿಸಿ ಉಜ್ತೀನಿ.”

“ಅದಲ್ಲ ಸಿರಿಲ್‌ಭಾಯಿ.” ತನ್ನ ಮನೆಯ ಕಂಟಕ ತಪ್ಪಿಸಿಕೊಳ್ಳಲು ಅವನಿಂದ ವಿಷಯ ಮುಚ್ಚಿಡುವುದು ಅವಳಿಂದಾಗಲಿಲ್ಲ. “ನಿಮ್ಮ ಒಲೆ ಬಿಸಿಯಾದ್ರೂ ದೇವಿಗೆ ಸುಡ್ತದೆ. ಯಾರ ಮನೆ ಒಲೆಯೋ ಅವರ ಮಕ್ಕಳಿಗೆ ತಾಗ್ತದೆ.”

ಸಿರಿಲ್ ನಕ್ಕ. ಹಲ್ಲಿನ ಸೆಟ್ಟು ಹಾಕಿರಲಿಲ್ಲ. “ನಮಗೆ ಮಕ್ಕಳಿಲ್ವಲ್ಲ ಬೆನ್. ಎಡ್ನಾನ ಕರ್ಕೊಂಡು ಎಷ್ಟು ಡಾಕ್ಟರ ಹತ್ರ ಅಲೆದೆ. ಆಗಲಿಲ್ಲ. ಈ ಬೀದೀಲಿ ನಿನ್ನ ದೇವಿ ಏನನ್ನೂ ಕಿತ್ಕೊಳ್ಳೋಕೆ ಆಗದ ಒಲೆ ಅಂದ್ರೆ ನಂದೊಂದೇ. ನಡಿ, ನಿನ್ನ ಪಾತ್ರೆ ತಗೊಂಡು ಬಾ.”

ಅವನು ನಕ್ಕನೆಂದು ಅವಳಿಂದ ನಗಲಾಗಲಿಲ್ಲ. ಕಣ್ಣು ಮುಚ್ಚಿ ಕೈ ಜೋಡಿಸಿ ತನ್ನ ಭಾಷೆಯಲ್ಲಿ ಏನೋ ಅಂದುಕೊಂಡಳು.

“ಏನಂದೆ?”

“ತಾಯಿಗೆ ಹೇಳಿದೆ. ನಿಮ್ಮ ಮನೆಗೆ ಎಲ್ಲರಿಗಿಂತ ಕೊನೇಲಿ ಬಾ ಅಂದೆ. ಅಷ್ಟರೊಳಗೆ ಒಲೆ ಆರಿರ್ತದೆ.”

“ಒಳ್ಳೇದು,” ಎಂದ ಸಿರಿಲ್, ಗಂಭೀರವಾಗಿಯೇ.

ಮೋಂಘೀಬಾ ಅಕ್ಕಿ ಹೆಸರುಬೇಳೆ ತೊಳೆದು, ತನ್ನ ಪಾತ್ರೆಗೆ ಹಾಕಿ, ಅರಿಸಿನ, ಉಪ್ಪು, ಇಂಗಿನ ಡಬ್ಬಿ ಹಿಡಿದು ಅವನ ಹಿಂಬಾಗಿಲಿಗೆ ಬಂದಾಗ ಅವನಿನ್ನೂ ಉಜ್ಜುತ್ತಲೇ ಇದ್ದ. ಅಂಗಿಯ ತೋಳು ಮೊಣಕೈ ದಾಟಿತ್ತು, ಮುಖ ಕೆಂಪಾಗಿತ್ತು. ಅವಳು ಹೊಸಿಲಾಚೆಯ ಮೆಟ್ಟಿಲ ಮೇಲೆಯೇ ನಿಂತಳು.

“ಬೆಂಕಿ ಹಚ್ಚೋದು ನೀವು. ಕೈಯಾಡ್ಸೋದೂ ನೀವು. ನಂದು ಬಾಯಿ ಮಾತ್ರ.”

“ಎಡ್ನಾದೂ ಇದೇ ಕಾನೂನಾಗಿತ್ತು.”

“ನೀರು ಹಾಕಿ. ಬೆರಳು ಅಕ್ಕಿ ಮೇಲೆ ಊರಿ. ಎರಡು ಗೆಣ್ಣು ಮುಳುಗಬೇಕು.”

ಅವನು ತೋರುಬೆರಳು ಊರಿ ನೀರು ಬಿಟ್ಟ. ಯಂತ್ರದ ಮುಂದೆ ಬದುಕು ಸವೆಸಿದ ಬೆರಳು. ಅದರ ಎರಡು ಗೆಣ್ಣು ಮುಳುಗುವಷ್ಟರಲ್ಲಿ ನೀರು ಪಾತ್ರೆಯ ಕುತ್ತಿಗೆಗೆ ಬಂತು.

“ಅಯ್ಯೋ, ನಿಲ್ಸಿ ನಿಲ್ಸಿ! ಖಿಚಡಿಯೋ, ಕೆರೆಯೋ?”

“ನೀನೇ ಹೇಳಿದ್ದು, ಎರಡು ಗೆಣ್ಣು!”

“ನನ್ನ ಬೆರಳಿಂದು ಹೇಳಿದ್ದು!”

ಬೇಲಿಯ ಹಿಂದಿನಿಂದ ರಸೀಲಾ ಕಿಲಕಿಲ ನಕ್ಕಳು. ಆ ನಗು ಕೇಳದೆ ಎಷ್ಟು ದಿನವಾಗಿತ್ತೋ. ಮೋಂಘೀಬಾಳ ಮುಖವೂ ಸಡಿಲವಾಯಿತು. “ಇರ್ಲಿ ಬಿಡಿ, ಚೆಲ್ಬೇಡಿ. ಹಚ್ಚಿ,” ಎಂದಳು. ಸಿರಿಲ್ ಗುಂಡಿ ತಿರುಗಿಸಿದ. ನೀಲಿ ಉರಿ ಬುಸ್ಸೆಂದು ಎದ್ದದ್ದೇ ಅವಳು ಬೇರೆ ಕಡೆ ಮುಖ ಮಾಡಿದಳು.

ಇಂಗಿನ ಡಬ್ಬಿಯ ಮುಚ್ಚಳ ತೆಗೆದವನು ಹಿಂದಕ್ಕೆ ಹಾರಿದ. “ಏನಿದು ಬೆನ್! ಚರಂಡಿ ಒಡೆದ ಹಾಗಿದೆ!”

“ಚಿಟಿಕೆ ಹಾಕಿ. ಬೆಂದಮೇಲೆ ಮಾತಾಡಿ.”

ಬೆಂದಮೇಲೆ ಅವನು ಮಾತಾಡಲಿಲ್ಲ. ಆವಿಯ ಮೇಲೆ ಬಗ್ಗಿ, ಮೂಗು ಅರಳಿಸಿ ನಿಂತ. ಅಕ್ಕಿ ಬೇಳೆ ಎರಡೂ ಕರಗಿ ಹಳದಿ ಗಂಜಿಯಂತಾಗಿತ್ತು. ಹಿಡಿಬಟ್ಟೆಯಲ್ಲಿ ಪಾತ್ರೆ ಹಿಡಿದು ತಾನೇ ಬೇಲಿಯ ತನಕ ತಂದು ರಸೀಲಾಳ ಕೈಗೆ ಕೊಟ್ಟ. ಒಳಗೆ ಬಾ ಎಂದರೆ ಬರಲಿಲ್ಲ. “ಮೊದಲು ಅವನು ತಿನ್ಲಿ. ನನ್ನ ಅಡುಗೆ ತಿನ್ನೋರ ಮುಖ ನೋಡೋ ಧೈರ್ಯ ನಂಗಿಲ್ಲ,” ಎಂದು ತಿರುಗಿ ಹೋದ.

ಕಿರೀಟ್‌ನ ತಟ್ಟೆಯಲ್ಲಿ ತುಪ್ಪ ಬಿದ್ದಲ್ಲೇ ಕರಗಿ ಹರಡಿತು. ಅವನು ಒಂದು ಚಮಚ ಬಾಯಿಗಿಟ್ಟು ನುಂಗಿದ. ಸ್ವಲ್ಪ ಹೊತ್ತು ಕಾದ.

“ಇದು ನಿನ್ನ ಕೈಯದಲ್ಲ ಬಾ.”

“ಅಲ್ಲ.”

“ಯಾರು ಮಾಡಿದ್ದು?”

“ತಿನ್ನು ದೀಕ್ರಾ, ತಿನ್ನು ಮಗನೇ. ಆಮೇಲೆ ಹೇಳ್ತೀನಿ.”

ಅವನು ಇನ್ನೊಂದು ಚಮಚ ತೆಗೆದುಕೊಂಡ. ಮೋಂಘೀಬಾ ಅಡುಗೆಮನೆಗೆ ಬಂದುಬಿಟ್ಟಳು. ಉಣ್ಣುವ ಮಗನ ತಟ್ಟೆಯನ್ನು ತಾಯಿ ಕಣ್ಣಿಟ್ಟು ನೋಡಬಾರದು. ಗೋಡೆಗೆ ಒರಗಿ ಕಿವಿಗೊಟ್ಟಳು. ಸ್ಟೀಲಿನ ತಟ್ಟೆಗೆ ಚಮಚ ತಾಗುವ ಸದ್ದು. ಒಂದಿಷ್ಟು ಬಿಡುವು. ಮತ್ತೆ ಸದ್ದು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದರ ಹಿಂದೊಂದು. ಕಡೆಗೆ ತಟ್ಟೆಯ ತಳ ಕೆರೆಯುವ ಸದ್ದು ಬಂತು. ಅದರ ಹಿಂದೆಯೇ ಅವನ ದನಿ: “ರಸೀಲಾ, ಇನ್ನೂ ಇದೆಯಾ?”

“ಒಂದು ಕೆರೆಯಷ್ಟಿದೆ,” ಎಂದಳು ರಸೀಲಾ.

ಮೋಂಘೀಬಾ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಿಲಿಗೆ ಬಂದಳು. ಸಿರಿಲ್‌ಗೆ ಹೇಳಬೇಕು. ಬೇಲಿಯ ಹತ್ತಿರ ಹೋಗಿ, ಕರೆಯಲು ಬಾಯಿ ತೆರೆದವಳು ಹಾಗೆಯೇ ನಿಂತಳು.

ಅಡುಗೆಮನೆಯ ಕಿಟಕಿಯಲ್ಲಿ ಸಿರಿಲ್ ಕಾಣುತ್ತಿದ್ದ. ಬೇಲಿಯ ಕಡೆ ಬೆನ್ನು ಮಾಡಿ ಒಲೆಯ ಮೇಲೆ ಬಗ್ಗಿದ್ದ. ಒದ್ದೆ ಬಟ್ಟೆ ಹಿಂಡಿ ಒಲೆಯ ಸುತ್ತ ಹಾಸಿದ್ದ. ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಬಟಾಣಿಯ ಚೀಲ ತೆಗೆದು, ಉರಿ ಬರುವ ಜಾಗದ ಮೇಲಿಟ್ಟು, ಜ್ವರದವರ ಹಣೆಗೆ ಪಟ್ಟಿ ಒತ್ತುವ ಹಾಗೆ ಮೆಲ್ಲಗೆ ಒತ್ತಿ ಹಿಡಿದ. ಚೀಲ ಸರಿಸಿ ಅಂಗೈ ಮುಟ್ಟಿಸಿ ನೋಡಿದ. ಸಾಲಲಿಲ್ಲವೆಂದು ಕಾಣುತ್ತದೆ. ಚೀಲವನ್ನು ಮಗುಚಿ, ತಣ್ಣಗಿದ್ದ ಇನ್ನೊಂದು ಮಗ್ಗುಲನ್ನು ಒತ್ತಿದ.