ದೀಪ ಹಚ್ಚಿದ ಮೇಲಿನ ಹೆಪ್ಪು

ನಾನು ಒಂದು ಸ್ಟೀಲಿನ ಬಟ್ಟಲು. ಯಂತ್ರದ ಬಾಯಲ್ಲಿ, ಒಂದೇ ಏಟಿಗೆ ಹುಟ್ಟಿದವನು. ಬೆಟಗೇರಿಯ ಪಾತ್ರೆ ಅಂಗಡಿಯವನು ನನ್ನ ಅಂಚಿಗೆ ಚುಕ್ಕಿ ಚುಕ್ಕಿಯಾಗಿ 'ಸಂಗವ್ವ' ಎಂದು ಕೊರೆದ. ತವರಿನವರು ಕೊಟ್ಟ ಪಾತ್ರೆಗಳ ಜೊತೆ ನೇಕಾರರ ಓಣಿಗೆ ಬಂದೆ. ಮೊದಲು ಪಾಯಸ ಹಿಡಿದೆ, ಆಮೇಲೆ ಕೂಸಿನ ಎಣ್ಣೆ. ಕಡೆಗೆ ಹೆಪ್ಪಿನ ಬಟ್ಟಲಾಗಿ ಅಡುಗೆಮನೆಯ ಗೂಡಿನಲ್ಲಿ ನೆಲೆ ನಿಂತೆ.

ಹಾಲು ಮೊಸರಾಗಲು ಬೆರೆಸುವ ಚೂರು ಮೊಸರೇ ಹೆಪ್ಪು. ದೀಪ ಹಚ್ಚಿದ ಮೇಲೆ ಅದನ್ನು ಹೊರಗೆ ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಓಣಿಯ ನಂಬಿಕೆ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವಳು ಸಂಗವ್ವನೇ. ಆದರೆ ಹಾಲು ಕಾಯಿಸುವುದೂ ದೀಪ ಹಚ್ಚಿದ ಮೇಲೆಯೇ ಅಲ್ಲವೇ? ಯಾರಾದರೂ ಹಿತ್ತಲ ಬಾಗಿಲು ಕೆರೆದರೆ ಆಕೆ ನನ್ನನ್ನು ಸೆರಗಿನಲ್ಲಿ ಮುಚ್ಚಿ ದಾಟಿಸುತ್ತಿದ್ದಳು. ಬೆಳಗಾಗುವ ಮೊದಲು ನಾನು ವಾಪಸ್ಸು. ಯಾರೂ ಕೊಟ್ಟಿಲ್ಲ, ಯಾರೂ ಇಸಿದುಕೊಂಡಿಲ್ಲ.

ಒಂದು ಬೇಸಗೆ, ಮೊಮ್ಮಗಳು ರೇಣುಕಾ ಪರ ಊರಿನ ಮದುವೆ ಮುಗಿಸಿ ಬಂದವಳು ಕಣ್ಣು ಹಳದಿಯಾಗಿ ಮಲಗಿದಳು. ಸಂಗವ್ವ ಅವಳ ಬಟ್ಟೆ ಒಗೆದಳು, ಬಚ್ಚಲು ತೊಳೆದಳು, ಸೆರಗಿಗೆ ಕೈ ಒರೆಸಿಕೊಂಡು ಹೆಪ್ಪು ತೆಗೆದಳು. ಕೆಲವು ವಾರಗಳಲ್ಲಿ ಓಣಿಯ ಅಲ್ಲೊಂದು ಇಲ್ಲೊಂದು ಮನೆಗೆ ಕಾಮಾಲೆ ಹೊಕ್ಕಿತು.

ಎಲ್ಲರ ಅನುಮಾನ ನೀಲವ್ವನ ಖಾನಾವಳಿಯ ಮೇಲೆ. ಗಂಡ ಸತ್ತ ಮೇಲೆ ರೊಟ್ಟಿ ಬಡಿದು ಬದುಕಿದವಳು ಅವಳು. ಮಗ್ಗದವರು ಅಲ್ಲಿ ಊಟ ಬಿಟ್ಟರು. ಜಾಗದ ಮಾಲೀಕ, "ಹುಣ್ಣಿವಿಯೊಳಗ ಖಾಲಿ ಮಾಡು" ಎಂದ.

ಆಗ ಧಾರವಾಡದಿಂದ ಗಣಿತದ ಪ್ರಾಧ್ಯಾಪಕಿ ಹೇಮಲತಾ ಬಂದರು. ರೋಗ ಹರಡುವ ಬಗೆಯನ್ನು ಲೆಕ್ಕದಲ್ಲಿ ಕಟ್ಟಿ ನೋಡುವುದು ಅವರ ಸಂಶೋಧನೆ. ಹಾಳೆಯ ಮೇಲೆ ಮನೆಗೊಂದು ಚುಕ್ಕಿ. ಹೋಗಿಬರುವ ಬಳಕೆಗೊಂದು ಗೆರೆ. ನನಗಂತೂ ಅವರನ್ನು ನಂಬುವ ಮನಸ್ಸಾಗಲಿಲ್ಲ. ಮದ್ದು ತರದೆ ಬರೀ ಪ್ರಶ್ನೆ ತಂದವರು!

"ಸೂಜಿ ಚುಚ್ಚಂಗಿಲ್ಲಂತ, ಗುಳಿಗಿ ಕೊಡಂಗಿಲ್ಲಂತ. ಮನಿ ತೆರಿಗಿ ಏರಸಾಕ ಬಂದಿರಬೇಕು," ಎಂದು ಸಂಗವ್ವ ಪಕ್ಕದ ಮನೆಯ ಸೊಸೆ ಈರಮ್ಮನ ಕಿವಿಯಲ್ಲಿ ಊದಿದಳು.

ಒಂದು ಮಧ್ಯಾಹ್ನ ಸಂಗವ್ವನ ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂಡಿದರು. ನೀಲವ್ವ ದೂರದ ಕಂಬಕ್ಕೆ ಒರಗಿ ನಿಂತಳು. ಮಜ್ಜಿಗೆ ಕಡೆಯುವ ಮೊದಲು ಹೆಪ್ಪು ತೆಗೆದಿಡಲು ಸಂಗವ್ವ ನನ್ನನ್ನೂ ಹೊರಗೆ ತಂದಿದ್ದಳು.

"ನನ್ನ ಲೆಕ್ಕ ಕೂಡವಲ್ದು," ಎಂದರು ಹೇಮಲತಾ. "ಖಾನಾವಳಿ ಮೆಟ್ಲ ತುಳಿಯದವರಿಗೂ ಕಾಮಾಲಿ ಬಂದದ. ನೀವು ಹೇಳದ ಗೆರಿ ಯಾವುದೋ ಒಂದದ. ಮನಿಯಿಂದ ಮನಿಗೆ ಏನು ಹೋಗ್ತದ್ರೀ?"

"ಏನೂ ಇಲ್ರೀ ಬಾಯಾರ," ಎಂದಳು ಸಂಗವ್ವ.

"ಅಲ್ಲಬೇ ಯವ್ವಾ, ಒಬ್ಬರಿಂದ ಅಷ್ಟು ಮಂದಿಗೆ ಹೆಂಗ ಬರ್ತದ?" ಎಂದು ಯಾರೋ ಕೇಳಿದರು.

ಹೇಮಲತಾ ಅತ್ತಿತ್ತ ನೋಡಿ ನನ್ನನ್ನೇ ಎತ್ತಿಕೊಂಡರು. "ಇದರಾಗಿನ ಒಂದು ಚಮಚ ಒಂದು ಮನಿ ಹಾಲಿಗೆ ಬಿದ್ರ ಮುಂಜಾನಿಗೆ ಪೂರಾ ಮೊಸರು. ಅದರಾಗಿನ ಒಂದು ಚಮಚ ಮತ್ತೊಂದು ಮನಿಗೆ. ರೋಗಾನೂ ಹಂಗ."

ಅವರು ಹೇಳಿದ್ದು ಹೋಲಿಕೆಗೆ. ಆದರೆ ಕಟ್ಟೆಯ ಮೇಲಿನ ಕಣ್ಣುಗಳೆಲ್ಲ ನೆಲಕ್ಕಿಳಿದವು. ಒಬ್ಬರನ್ನೊಬ್ಬರು ಕದ್ದು ನೋಡಿದರು. ಯಾರು ಮೊದಲು ಬಾಯಿ ಬಿಟ್ಟಾರು?

"ನನ್ನ ಕೈ ರೊಟ್ಟಿ ಉಂಡ ಓಣಿ ಇದು," ಎಂದಳು ನೀಲವ್ವ. "ಇವತ್ತು ನನ್ನ ನೆರಳಿಗೂ ಹೇಸ್ತೀರಿ. ನಾ ಎಲ್ಲಿ ಹೋಗಲಿ?"

ಸಂಗವ್ವನ ಕೈಯಲ್ಲಿದ್ದ ಕಡಗೋಲು ನಿಂತಿತು. ಆಮೇಲೆ ಹೇಮಲತಾ ಅವರ ಕೈಯಿಂದ ನನ್ನನ್ನು ತೆಗೆದುಕೊಂಡು ಅಂಚಿನ ಹೆಸರು ಎಲ್ಲರಿಗೂ ಕಾಣುವಂತೆ ಹಿಡಿದಳು.

"ನಿಮ್ಮ ಗೆರಿ ಇದ ರೀ. ದೀಪಾ ಹಚ್ಚಿದ ಮ್ಯಾಲ ಮನಿ ಮನಿ ತಿರುಗೇತಿ. ಕೊಟ್ಟಾಕಿ ನಾನ."

"ಲಕ್ಷ್ಮಿ ಹೋಗ್ತಾಳಂತ ನನಗ ಬೈದಿದ್ದೇನ, ನೀ ಮಾಡಿದ್ದೇನಬೇ ಅತ್ತಿ!" ಎಂದಳು ಈರಮ್ಮ. ಅವಳೇ ಎಷ್ಟು ಸಲ ಬಾಗಿಲು ಕೆರೆದವಳು! ಯಾರೋ ಕಿಸಕ್ಕೆಂದರು. ಒಬ್ಬೊಬ್ಬರಾಗಿ ತಾವೂ ಇಸಿದುಕೊಂಡಿದ್ದನ್ನು ಹೇಳತೊಡಗಿದರು.

ಹೇಮಲತಾ ಗೆರೆ ಎಳೆದು, ಮತ್ತೆ ಲೆಕ್ಕ ಹಾಕಿ ತಲೆ ಎತ್ತಿದರು. "ಖಾತ್ರಿ ಅನ್ನಾಂಗಿಲ್ಲ. ಆದ್ರ ಖಾನಾವಳಿ ಬಿಟ್ಟು ಈ ಬಟ್ಟಲಾ ಹಿಡಿದ್ರ ಲೆಕ್ಕ ಕೂಡ್ತದ. ತಪ್ಪು ಹೆಪ್ಪಿಂದಲ್ರೀ ಸಂಗವ್ವಾರ, ತೊಳಿಯದ ಕೈದು."

ಮರುದಿನ ಸಂಗವ್ವ ಓಣಿಯವರೆಲ್ಲ ನೋಡುವಂತೆ ಖಾನಾವಳಿಗೆ ಹೋಗಿ ಕೂತಳು. ನೀಲವ್ವ ತಟ್ಟೆ ಇಡಲಿಲ್ಲ.

"ಮೊದಲ ಕೈ ತೊಳಕೊಂಡ ಬಾಬೇ."

ಸಂಗವ್ವ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದಳು. ಅದನ್ನು ಕಂಡ ಮಾಲೀಕನೂ ಹುಣ್ಣಿಮೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ನನಗೆ ವಯಸ್ಸಾಯಿತು. ತಳದಲ್ಲಿ ತೂತು ಬಿದ್ದಿದೆ. ಹೆಪ್ಪು ನಿಲ್ಲದು, ನೀರು ಸೋರಿಹೋಗುತ್ತದೆ. ಅದಕ್ಕೇ ಸಂಗವ್ವ ನನ್ನನ್ನು ಹಿತ್ತಲ ಬಾಗಿಲ ಪಕ್ಕ ಸೋಪು ಹಿಡಿಯಲು ಇಟ್ಟಿದ್ದಾಳೆ. ದೀಪ ಹಚ್ಚಿದ ಮೇಲೆ ಈಗಲೂ ಬಾಗಿಲು ಕೆರೆಯುವ ಸದ್ದಾಗುತ್ತದೆ. ಬಂದ ಕೈಯನ್ನೂ ಕೊಡುವ ಕೈಯನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ. ಎರಡೂ ಒದ್ದೆಯಾಗಿದ್ದರೆ ಸುಮ್ಮನಾಗುತ್ತೇನೆ.