ಲೋಕೇಶನ ಮದ್ದುಸೊಪ್ಪು

ಮಾರ್ಚ್ ತಿಂಗಳ ಉರಿಬಿಸಿಲಲ್ಲಿ ಗಿಡ ನೆಡುವ ಬುದ್ಧಿವಂತನನ್ನು ಮುದ್ದಿ ಜನ್ಮದಲ್ಲಿ ಕಂಡಿರಲಿಲ್ಲ. ಆ ಭಾಗ್ಯವನ್ನೂ ಸುಮಿತಮ್ಮ ಕರುಣಿಸಿದರು. ಅವರು ಕೊಡಗಿನ ಮಾದಾಪುರದ ಹತ್ತಿರದ ಈ ಹೋಂಸ್ಟೇ ಕೊಂಡು ಎರಡು ವರ್ಷ. ಅದರ ತೋಟದಲ್ಲಿ ಮುದ್ದಿ ಕೆಲಸಕ್ಕೆ ನಿಂತು ಇಪ್ಪತ್ತು ವರ್ಷ. ಈಗ ಮೈಸೂರಿನಿಂದ ಲೋಕೇಶ್ ಎಂಬ ದೇಸಿ ಗಿಡಗಳ ತಜ್ಞನನ್ನು ಕರೆಸಿದ್ದರು.

“ಇದು ಸ್ಪ್ರಿಂಗ್ ಪ್ಲಾಂಟಿಂಗ್. ವಸಂತದಲ್ಲೇ ನೆಡ್ಬೇಕು, ಪುಸ್ತಕದಲ್ಲಿದೆ,” ಎಂದ ಲೋಕೇಶ್, ಹಾರೆ ಹಾಕಿದರೆ ಠಣ್ ಎನ್ನುವ ನೆಲದ ಮೇಲೆ ನಿಂತು.

ಯಾವ ದೇಶದ ಪುಸ್ತಕವೋ! ಇಲ್ಲಿ ಗಿಡ ನೆಡುವುದು ಮಳೆ ಹಿಡಿದ ಮೇಲೆ. ಆದರೂ ಮುದ್ದಿ ಹಾರೆ ಎತ್ತಿಕೊಂಡಳು. ನೀರು ಹರಿಯುವ ತೋಡಿನ ಬದಿಯ ಸೊಪ್ಪನ್ನೆಲ್ಲ ಕಸವೆಂದು ಅವನು ಕೀಳಿಸಿದಾಗಲೂ ಹಲ್ಲು ಕಚ್ಚಿ ಕಿತ್ತು ರಾಶಿ ಹಾಕಿದಳು. ಆಮೇಲೆ ಪಿಕಪ್‌ನಿಂದ ಕುಂಡಗಳು ಇಳಿದವು. “ಮದ್ದುಸೊಪ್ಪು, ಕೊಡಗಿನ ಅಪರೂಪದ ಸಸ್ಯ,” ಎಂದು ಅವನು ಅವುಗಳ ಬೋರ್ಡು ಓದಿದಾಗ ಅವಳು ತಡೆಯಲಾಗದೆ ಪಕ್ಕದಲ್ಲಿದ್ದ ಸುಮಿತಮ್ಮನ ಕಡೆ ತಿರುಗಿದಳು.

“ಅಯ್ಯೋ, ಇದಲ್ಲಮ್ಮಾ! ಬೆಳಿಗ್ಗೆ ಕಿತ್ತು ಬಿಸಾಡ್ಸಿದ್ರಲ್ಲ, ಅದು ಮದ್ದುಸೊಪ್ಪು!”

ಲೋಕೇಶ್ ನಕ್ಕ. “ಇದಕ್ಕೆ ಬಣ್ಣ, ಪರಿಮಳ ಬರೋದೇ ಕಕ್ಕಡ ತಿಂಗಳ ಹದಿನೆಂಟಕ್ಕೆ. ಅದೂ ಗೊತ್ತಿಲ್ವಾ?”

ಆಗಸ್ಟಿನ ಆ ದಿನ ಹದಿನೆಂಟು ಬಗೆಯ ಮದ್ದು ಈ ಸೊಪ್ಪಿನಲ್ಲಿ ಸೇರುತ್ತದೆಂದು ಕೊಡಗಿನ ಮನೆಮನೆಯಲ್ಲೂ ಪಾಯಸ. ಲೋಕೇಶ್ ಅದನ್ನು ಹಿಂದಿನ ದಿನ ಮೊಬೈಲಿನಲ್ಲಿ ಓದಿದ್ದ. ಮುದ್ದಿ ಐವತ್ತು ವರ್ಷದಿಂದ ತಿನ್ನುತ್ತಿದ್ದಳು.

“ಓದಿದೋರಿಗಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದರು ಸುಮಿತಮ್ಮ. “ಕಕ್ಕಡದ ತನಕ ಈ ಕಡೆ ಕಾಲಿಡ್ಬೇಡ. ನಿನ್ನ ಮಾತು ನಿಜ ಆದ್ರೆ ಕೆಲಸಕ್ಕೆ ಬಾ. ಸುಳ್ಳಾದ್ರೆ ಬರಲೇಬೇಡ.”

ಇಪ್ಪತ್ತು ವರ್ಷದ ಕೆಲಸ ಒಂದು ಕುಂಡದ ಮೇಲೆ ನಿಂತಿತು. ಮುದ್ದಿ ಪಕ್ಕದ ಎಸ್ಟೇಟಿನಲ್ಲಿ ಸಿಕ್ಕ ಕೂಲಿ ಮಾಡುತ್ತ ದಿನ ನೂಕಿದಳು. ದಾರಿಯಲ್ಲಿ ಹೋಗುವಾಗ, ಹಸಿರು ಪರದೆಯ ನೆರಳಲ್ಲಿ ಎರಡು ಹೊತ್ತೂ ಪೈಪಿನ ನೀರು ಕುಡಿಯುವ ಗಿಡಗಳು ಕಾಣುತ್ತಿದ್ದವು. “ಥೂ, ಮನೆ ಅಳಿಯಂದಿರು!” ಎಂದು ಉಗಿಯುತ್ತಿದ್ದಳು.

ಕಕ್ಕಡ ಹದಿನೆಂಟು ಬಂತು. ಹೋಂಸ್ಟೇ ತುಂಬ ಗೆಸ್ಟುಗಳು, ಎಲ್ಲರಿಗೂ ಮದ್ದುಪಾಯಸದ ಆಸೆ. ಅಡಿಗೆಯ ಪೂವಮ್ಮ ಲೋಕೇಶನ ಸೊಪ್ಪು ಕುದಿಸಿದಳು. ನೀರು ಗಾಢ ನೇರಳೆಗೆ ತಿರುಗಬೇಕು. ಒಂದು ಗಂಟೆಯಾದರೂ ಪಾಚಿಗಟ್ಟಿದ ಕೆರೆಯ ಹಾಗೆ ಹಸಿರಾಗೇ ಇತ್ತು.

“ಇನ್ನೂ ಕುದೀಲಿ,” ಎಂದ ಲೋಕೇಶ್. ಇನ್ನರ್ಧ ಗಂಟೆಗೆ ದನಿ ತಗ್ಗಿಸಿ ಕೇಳಿದ: “ಬೀಟ್‌ರೂಟ್ ಇದ್ಯಾ?”

ಪೂವಮ್ಮ ಸೌಟು ಇಟ್ಟು ಬಿದ್ದು ಬಿದ್ದು ನಕ್ಕಳು. ಸುಮಿತಮ್ಮ ನಗಲಿಲ್ಲ. ಪಾತ್ರೆ ಹಿಡಿದು, ಮಳೆಯಲ್ಲಿ ಎಸ್ಟೇಟಿನ ಕೂಲಿಮನೆಗಳ ಲೈನಿನ ಕಡೆ, ಮುದ್ದಿಯ ಮನೆಗೆ ತಾವೇ ನಡೆದರು. ಮುದ್ದಿಯ ಒಲೆಯ ಮೇಲೆ ನೇರಳೆ ಪಾಯಸ ಕುದಿಯುತ್ತಿತ್ತು, ಪರಿಮಳ ಅಂಗಳಕ್ಕೇ ಬರುತ್ತಿತ್ತು. ಎಸ್ಟೇಟಿನ ತೋಡಿನ ಬದಿಯಲ್ಲಿ ಪುಕ್ಕಟೆ ಬೆಳೆದ ಸೊಪ್ಪು.

“ಸ್ವಲ್ಪ ಕೊಡು ಮುದ್ದಿ, ಗೆಸ್ಟುಗಳು ಕಾಯ್ತಿದ್ದಾರೆ. ನಾಳೆಯಿಂದ ಕೆಲಸಕ್ಕೂ ಬಾ.”

ಮದ್ದು ಕೇಳಿ ಬಂದವರಿಗೆ ಇಲ್ಲವೆನ್ನಬಾರದು. ಮುದ್ದಿ ಪಾತ್ರೆ ತುಂಬಿಸಿದಳು. “ಕೆಲಸಕ್ಕೆ ಬರ್ತೀನಮ್ಮಾ. ಆದ್ರೆ ಆ ಸಾರ್ ನೆಟ್ಟಿದ್ದನ್ನ ಅವ್ರೇ ಕೀಳ್ಬೇಕು, ನಾನು ನೋಡ್ಬೇಕು.”

ಮರುದಿನ ಜಡಿಮಳೆಯಲ್ಲಿ ಲೋಕೇಶ್ ಸೊಂಟ ಬಗ್ಗಿಸಿ ಗಿಡ ಕೀಳುತ್ತಿದ್ದ. ಮುದ್ದಿ ಕೊಡೆ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು.

“ಬೇರು ಬಿಡ್ಬೇಡಿ ಸಾರ್,” ಎಂದಳು. “ಮಳೆಗಾಲ ನೋಡಿ, ಏನು ನೆಟ್ಟರೂ ಚಿಗುರ್‍ತದೆ.”