ಕಲ್ಲಿಗೆ ಕಟ್ಟಿದ ರಿಕ್ಸಿಯಾ

ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದ ಮೇಲೆ ಶಶಿಕಿರಣರು ಮನಸ್ಸಿಟ್ಟು ನೋಡುತ್ತಿದ್ದದ್ದು ಮಂಚದ ಎದುರಿನ ಅಕ್ವೇರಿಯಮ್ಮನ್ನು ಮಾತ್ರ. ಅದರಲ್ಲಿ ಮೀನಿರಲಿಲ್ಲ, ತಳದಲ್ಲಿ ಅವರೇ ಆರು ವರ್ಷ ಬೆಳೆಸಿದ ರಿಕ್ಸಿಯಾ ಹಾಸಿತ್ತು. ಬೇರಿಲ್ಲದ, ಪಾಚಿಯಂತೆ ತೇಲುವ ಗಿಡ ಅದು. ಚಪ್ಪಟೆ ಕಲ್ಲುಗಳಿಗೆ ದಾರದಿಂದ ಕಟ್ಟಿ ನೀರಿನಡಿ ಇಟ್ಟರೆ ಜಮಖಾನೆಯಂತೆ ಹಬ್ಬುತ್ತದೆ. ಮಧ್ಯಾಹ್ನ ದೀಪ ಹಾಕಿದಾಗ ಎಲೆತುದಿಗಳಲ್ಲಿ ಗಾಳಿಗುಳ್ಳೆಗಳು ಕೂರುತ್ತಿದ್ದವು. ಆಗಷ್ಟೇ ಅವರು ಗಂಜಿಗೆ ಬಾಯಿ ತೆರೆಯುತ್ತಿದ್ದರು.

ಜೂನಿನಲ್ಲೊಂದು ದಿನ ಹೆಂಡತಿ ವಾಗ್ದೇವಿ ಬಾವಿಕಟ್ಟೆಯಲ್ಲಿದ್ದ ಬಾಲ್ದಿಯಲ್ಲಿ ನೀರು ತಂದು ಅಕ್ವೇರಿಯಮ್ಮಿನ ತೊಟ್ಟಿಯ ನೀರು ಬದಲಿಸಿದರು. ನಾಲ್ಕೇ ದಿನಕ್ಕೆ ಹಸಿರು ಕಂದಿತು. ವಾರದಲ್ಲಿ ಕೊಳೆತು ಲೋಳೆಯಾಯಿತು. ಅಡಿಕೆಗೆ ಮದ್ದು ಬಿಡಲು ಬಂದಿದ್ದ ಜತ್ತಪ್ಪ ನೋಡಿ ಬೆಚ್ಚಿದ.

"ಅಕ್ಕಾ, ನೀರು ಬಾವಿಕಟ್ಟೆಯ ಬಾಲ್ದಿಯಲ್ಲಿ ತಂದದ್ದಾ? ಕಳೆದ ಸಲ ನಾನು ಅದರಲ್ಲಿ ಮೈಲುತುತ್ತು ಕರಗಿಸಿದ್ದು! ನೀರಿನ ಗಿಡಕ್ಕೆ ಅದು ವಿಷ."

ಶಶಿಕಿರಣರು ಗೋಡೆಯ ಕಡೆ ಮುಖ ತಿರುಗಿಸಿದರು. ಎರಡು ದಿನ ಒಂದು ತುತ್ತೂ ಒಳಗೆ ಹೋಗಲಿಲ್ಲ.

ಜತ್ತಪ್ಪನನ್ನು ಅವರ ಬಳಿ ಕೂರಿಸಿ ವಾಗ್ದೇವಿ ವೇಣೂರಿನಿಂದ ಬಸ್ಸು ಹತ್ತಿದರು. ಮೂಡುಬಿದಿರೆಯ ಮೀನಿನ ಅಂಗಡಿಗಳಲ್ಲಿ ಆ ಗಿಡದ ಹೆಸರೇ ಗೊತ್ತಿರಲಿಲ್ಲ. ಆಗ ಫಾಹಿಮಾ ನೆನಪಾದಳು. ಶಶಿಕಿರಣರ ಹಳೆಯ ವಿದ್ಯಾರ್ಥಿನಿ. ಒಮ್ಮೆ ಅವರಿಂದ ಒಂದು ಹಿಡಿ ರಿಕ್ಸಿಯಾ ಒಯ್ದಿದ್ದಳು. ಮತ್ತೆರಡು ಬಸ್ಸು ಬದಲಿಸಿ ಮೆಲ್ಕಾರ್‌ನಲ್ಲಿದ್ದ ಅವಳ ಮನೆ ತಲುಪಿದರು.

"ಅಯ್ಯೋ, ನನ್ನ ಟ್ಯಾಂಕ್ ಒಡೆದು ವರ್ಷ ಆಯ್ತು ಅಮ್ಮಾ," ಎಂದಳು ಫಾಹಿಮಾ. "ಗಿಡವನ್ನೆಲ್ಲ ಮನೆ ಹಿಂದಿನ ಸಿಮೆಂಟ್ ತೊಟ್ಟಿಗೆ ಬಿಸಾಡಿದ್ದೆ."

ವಾಗ್ದೇವಿ ಚೀಲವನ್ನು ಮೆಟ್ಟಿಲ ಮೇಲಿಟ್ಟು ಹಿತ್ತಲ ಕಡೆ ನಡೆದರು. "ನೋಡುವ ಮಗಾ. ಒಂದು ಚೂರಾದ್ರೂ ಇರ್ಬಹುದು. ಅವರು ಏನೂ ತಿನ್ನುವುದಿಲ್ಲ."

ಇಬ್ಬರೂ ಬಟ್ಟೆಯ ತೋಳು ಮಡಚಿ ಕಪ್ಪು ನೀರಿನಲ್ಲಿ ಕೈಯಾಡಿಸಿದರು. ಕೊಳೆತ ಎಲೆ, ಕಸ, ನೂಲಿನಂಥ ಪಾಚಿ. ಒಂದು ಗಂಟೆ ಸೋಸಿದ ಮೇಲೆ ರಿಕ್ಸಿಯಾದ ಕವಲೊಡೆದ ಸಣ್ಣ ಎಳೆಗಳು ಸಿಕ್ಕವು. ಎಲ್ಲ ಸೇರಿ ಅಂಗೈ ತುಂಬಲಿಲ್ಲ.

ಮನೆಗೆ ಬಂದವರೇ ವಾಗ್ದೇವಿ ತೊಟ್ಟಿ ಖಾಲಿಮಾಡಿ, ತಿಕ್ಕಿ, ಅಡುಗೆಮನೆಯ ಕೊಡದಲ್ಲಿ ನೀರು ತುಂಬಿದರು. ಮಂಚದ ಪಕ್ಕ ಕುಳಿತು ಎಳೆಗಳನ್ನು ಮುದ್ದೆಮಾಡಿ ಕಲ್ಲಿಗೆ ದಾರ ಸುತ್ತತೊಡಗಿದರು.

"ನಾನೇ ಕೊಂದದ್ದು," ಎಂದರು. "ಬಾಲ್ದಿ ನೋಡ್ಬೇಕಿತ್ತು. ಬೈಯ್ಲಿಕ್ಕಾದ್ರೂ ಈಚೆ ತಿರುಗಿ."

ದಾರದ ಗಂಟು ಬೀಳುವ ಹೊತ್ತಿಗೆ ಶಶಿಕಿರಣರು ತಿರುಗಿದರು. ಕಲ್ಲನ್ನು ನೋಡಿ ಗಂಟಲಲ್ಲೇ ಗುರುಗುಟ್ಟಿದರು. ಎಡಗೈ ಮೇಲೆದ್ದಿತು. ಹೆಬ್ಬೆರಳೂ ತೋರುಬೆರಳೂ ಹತ್ತಿರ ಬಂದವು.

"ದಪ್ಪ ಆಯ್ತಾ? ತೆಳು ಮಾಡ್ಬೇಕಾ?"

ಅವರು ಹೌದೆಂಬಂತೆ ಕಣ್ಣು ಮುಚ್ಚಿ ತೆರೆದರು. ದಪ್ಪವಾದರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಕೊಳೆಯುತ್ತದೆಂದು ಹಿಂದೆ ಎಷ್ಟೋ ಸಲ ಹೇಳಿದ್ದರು, ವಾಗ್ದೇವಿ ಕಿವಿಗೊಟ್ಟಿರಲಿಲ್ಲ. ದಾರ ಬಿಚ್ಚಿ, ಎಳೆಗಳನ್ನು ನಾಲ್ಕು ಕಲ್ಲುಗಳಿಗೆ ಹಂಚಿ ಕಟ್ಟಿದರು. ಅಂದು ಶಶಿಕಿರಣರು ನಾಲ್ಕು ಚಮಚ ಗಂಜಿ ಕುಡಿದರು.

ವಾರದಲ್ಲಿ ಮೂರು ಕಲ್ಲು ಬೋಳಾದವು. ಉಳಿದೊಂದರ ಮೇಲೆ ಉಗುರಿನಷ್ಟು ಹಸಿರಿತ್ತು. ಅದನ್ನು ದೀಪದ ನೇರಕ್ಕೆ ಸರಿಸುವಂತೆ ಶಶಿಕಿರಣರು ಎಡಗೈಯಿಂದ ಮತ್ತೆ ಮತ್ತೆ ತೋರಿಸಿದರು. ವಾಗ್ದೇವಿ ಸೆರಗು ಸಿಕ್ಕಿಸಿ ನೀರಿಗೆ ಕೈಯಿಟ್ಟರು.